ಪದಚರ್ಚೆ: ‘ಗೇರ್ ಇಳಿಸು’ ಎಂದರೆ ಯಾವುದು ಇಳಿಯಬೇಕು?

ಗೆಳೆಯರೇ,

ಬ್ಯಾಟರಿಯಿಂದ ಓಡುವ ರಿಮೋಟ್ ಕಾರುಗಳ ಬಗ್ಗೆ ಮಕ್ಕಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ನನ್ನ ಅಕ್ಕನ ಮಗನಿಗೆ ‘ಮೋಟಾರ್ ಬಿಸಿಯಾಗುತ್ತಿದ್ದರೆ ಗೇರ್ ಇಳಿಸು’ ಎಂದು ಬರೆದಿದ್ದೆ. ಅವನು ಮೋಟಾರಿನ ಪಿನಿಯನ್, ಅಂದರೆ ಅದರ ದಂಡಕ್ಕೆ ಕೂರಿಸಿದ ಚಿಕ್ಕ ಹಲ್ಲುಚಕ್ರ, ತೆಗೆದು ಎರಡು ಹಲ್ಲು ಹೆಚ್ಚಿರುವುದನ್ನು ಹಾಕಿದ. ಐದು ನಿಮಿಷ ಓಡಿಸುವಷ್ಟರಲ್ಲಿ ಮೋಟಾರಿಗೆ ಬೆರಳು ಇಡಲಾಗುತ್ತಿರಲಿಲ್ಲ. ಸುಟ್ಟ ವಾರ್ನಿಷಿನ ವಾಸನೆ. ‘ನೀವು ಹೇಳಿದ ಹಾಗೆಯೇ ಇಳಿಸಿದೆ ಮಾವ, ಅನುಪಾತ ಕಡಿಮೆಯಾಗಿದೆ ನೋಡಿ’ ಎಂದ. ಅವನ ಲೆಕ್ಕ ಸರಿಯಾಗಿತ್ತು. ತಪ್ಪಿದ್ದು ನನ್ನ ಮಾತು.

ಟಮಿಯಾ ಕಂಪನಿಯ ಟಿಟಿ-02 ರಿಮೋಟ್ ಕಾರನ್ನೇ ನೋಡಿ. ಪಿನಿಯನ್‌ಗೆ 22 ಹಲ್ಲು, ಅದು ತಿರುಗಿಸುವ ದೊಡ್ಡ ಹಲ್ಲುಚಕ್ರಕ್ಕೆ, ಅಂದರೆ ಸ್ಪರ್ ಗೇರಿಗೆ, 70. 70ನ್ನು 22ರಿಂದ ಭಾಗಿಸಿ, ಕಾರಿನ ಒಳಗಿನ ಉಳಿದ ಗೇರುಗಳ ಅನುಪಾತವಾದ 2.6ರಿಂದ ಗುಣಿಸಿದರೆ 8.27. ಹುಡುಗ ಹೇಳಿದ ಅನುಪಾತ ಇದೇ. ಅಂದರೆ ಚಕ್ರ ಒಂದು ಸುತ್ತು ಬರಲು ಮೋಟಾರ್ 8.27 ಸುತ್ತು ತಿರುಗಬೇಕು. ಪಿನಿಯನ್ನನ್ನು 20 ಹಲ್ಲಿಗೆ ಇಳಿಸಿದರೆ ಇದು 9.10ಕ್ಕೆ ಏರುತ್ತದೆ. ಕಾರಿನ ಗರಿಷ್ಠ ವೇಗ ತಗ್ಗುತ್ತದೆ, ಮೋಟಾರಿನ ಮೇಲಿನ ಭಾರವೂ ತಗ್ಗುತ್ತದೆ. ಹಲ್ಲು ಇಳಿದರೆ ಅಂಕಿ ಏರುತ್ತದೆ, ವೇಗ ಇಳಿಯುತ್ತದೆ. ಹೀಗಿರುವಾಗ ಬರೀ ‘ಇಳಿಸು’ ಎಂದರೆ ಮಗು ಯಾವುದನ್ನು ಇಳಿಸಬೇಕು?

ನನ್ನ ಮನಸ್ಸಿನಲ್ಲಿದ್ದದ್ದು ಘಾಟಿ ಹತ್ತುವ ಬಸ್ಸು. ಅಲ್ಲಿ ಚಾಲಕ ಗೇರ್ ಇಳಿಸಿದ ಎಂದರೆ ವೇಗ ಬಿಟ್ಟು ಬಲ ಪಡೆದ ಎಂದೇ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಬಸ್ಸು ಹತ್ತಿ ಬೆಳೆದವರ ಅರ್ಥ ಅದು. ಕ್ಯಾಲ್ಕುಲೇಟರ್ ಹಿಡಿದು ಕುಳಿತ ಹುಡುಗನಿಗೆ ಕಾಣುವುದು ಅಂಕಿ ಮಾತ್ರ.

ಹಾಗಾಗಿ ‘ಏರಿಸು’, ‘ಇಳಿಸು’ ಎರಡನ್ನೂ ಕೈಬಿಟ್ಟು ವೇಗ ಬಿಟ್ಟು ಬಲ ಪಡೆಯುವ ಜೋಡಣೆಗೆ ‘ಎಳೆತದ ಗೇರ್’, ಬಲ ಬಿಟ್ಟು ವೇಗ ಪಡೆಯುವುದಕ್ಕೆ ‘ಓಟದ ಗೇರ್’ ಎಂದು ಬರೆಯಲು ಯೋಚಿಸಿದ್ದೇನೆ. ತಿರುವು ಹೆಚ್ಚಿರುವ ಚಿಕ್ಕ ಟ್ರ್ಯಾಕಿಗೆ ಎಳೆತ, ಉದ್ದನೆಯ ನೇರ ದಾರಿಗೆ ಓಟ. ‘ಎಳೆತ’ ಎಂದೊಡನೆ ಏರಿನಲ್ಲಿ ಕುತ್ತಿಗೆ ಬಗ್ಗಿಸಿ ಗಾಡಿ ಎಳೆಯುವ ಎತ್ತು ಕಣ್ಣಿಗೆ ಬರುತ್ತದೆ. ನನಗೆ ಈ ಪದದ ಮೇಲೆ ಬಹಳ ಆಸೆ. ‘ಸೆಳೆತ’ ಬೇಡ, ಅದು ಗುರುತ್ವಕ್ಕೂ ಹೊಳೆಯ ನೀರಿಗೂ ಮೀಸಲಾಗಿದೆ. ಪಠ್ಯಪುಸ್ತಕದ ‘ದಂತಚಕ್ರ’ ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ. ಪಿನಿಯನ್, ಸ್ಪರ್ ಹಾಗೆಯೇ ಇರಲಿ. ಅಂಗಡಿಯಲ್ಲಿ ಕೇಳಬೇಕಾದದ್ದು ಆ ಹೆಸರಿನಿಂದಲೇ.

ನಿಮ್ಮಲ್ಲಿ ಗ್ಯಾರೇಜು, ಸೈಕಲ್ ಅಂಗಡಿ, ಗಡಿಯಾರ ರಿಪೇರಿಯ ಒಡನಾಟ ಇರುವವರು ದಯವಿಟ್ಟು ತಿಳಿಸಿ: ವೇಗ ಬಿಟ್ಟು ಬಲ ಪಡೆಯುವ ಜೋಡಣೆಗೆ ನಿಮ್ಮ ಕಡೆ ಬೇರೆ ಮಾತಿದೆಯೇ? ದೊಡ್ಡ ಚಕ್ರವನ್ನು ತಿರುಗಿಸುವ ಆ ಚಿಕ್ಕ ಹಲ್ಲುಚಕ್ರಕ್ಕೆ ಕನ್ನಡದ್ದೇ ಹೆಸರನ್ನು ಯಾರಾದರೂ ಕೇಳಿದ್ದೀರಾ?