ಅಪ್‌ಡೇಟ್: ಬ್ಯಾಂಕ್ ಬಿಟ್ಟು ಶಾಲಾ ಡೇಟಾ ಕೆಲಸಕ್ಕೆ ಸೇರಿದೆ

ಬ್ಯಾಂಕಿನ ಕ್ಲೌಡ್ ಕೆಲಸ ಬಿಟ್ಟು ಶಾಲಾ ಮಕ್ಕಳ ಡೇಟಾ ನೋಡಿಕೊಳ್ಳುವ ಕಂಪನಿ ಸೇರಬಹುದಾ ಅಂತ ಕೇಳಿದ್ದೆ. ಸೇರಿಬಿಟ್ಟೆ. ಸಂಬಳ ಸ್ವಲ್ಪ ಕಡಿಮೆ, ಇರಲಿ.

ಇಲ್ಲಿ ಸರ್ವರ್ ಮೇಲೆ ಅಷ್ಟೊಂದು ಲೋಡ್ (ಬಳಕೆದಾರರ ಒತ್ತಡ) ಎಲ್ಲಿರುತ್ತೆ ಅಂತ ಕೆಲವರು ಕೇಳಿದ್ದಿರಿ. ವರ್ಷವಿಡೀ ಸರ್ವರ್ ನಿದ್ದೆ ಹೊಡೆಯುತ್ತದೆ, ನಿಜ. ಆದರೆ ಫಲಿತಾಂಶದ ದಿನ ಎಲ್ಲರೂ ಒಂದೇ ನಿಮಿಷಕ್ಕೆ ನುಗ್ಗುತ್ತಾರೆ. ಆಟೋಸ್ಕೇಲಿಂಗ್ (ಒತ್ತಡ ಹೆಚ್ಚಾದಾಗ ತಾನಾಗೇ ಸರ್ವರ್ ಹೆಚ್ಚಿಸುವ ವ್ಯವಸ್ಥೆ) ಎದ್ದು ಕೂರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದಕ್ಕೇ ಮೊದಲೇ ಸರ್ವರ್ ಹೆಚ್ಚಿಸಿಟ್ಟು, ಅಂಕಗಳನ್ನು ಕ್ಯಾಶ್‌ನಿಂದಲೇ (ಬೇಗ ಸಿಗಲೆಂದು ಮೊದಲೇ ತೆಗೆದಿಟ್ಟ ಪ್ರತಿಯಿಂದ) ಕೊಡುತ್ತೇವೆ. ಡೇಟಾಬೇಸ್ ತನಕ ಹೋಗೋದೇ ಇಲ್ಲ.

ತಲೆನೋವು ಜಾಸ್ತಿ ಇರೋದು ಬೇರೆ ಕಡೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕು. ನಮ್ಮ ತಂಡದಲ್ಲಂತೂ ಟೆಸ್ಟಿಂಗ್‌ಗೆ ನಿಜವಾದ ಹೆಸರು ಬಳಸುವಂತಿಲ್ಲ, ಲಾಗ್‌ನಲ್ಲಿ (ಸಿಸ್ಟಂ ತಾನೇ ಬರೆದಿಡುವ ದಾಖಲೆಯಲ್ಲಿ) ಹುಟ್ಟಿದ ದಿನಾಂಕ ಕಾಣುವಂತಿಲ್ಲ. ಟೆರಾಫಾರ್ಮ್‌ಗಿಂತ (ಕೋಡ್ ಬರೆದು ಸರ್ವರ್ ಸಿದ್ಧಪಡಿಸುವ ಸಾಧನ) ಮೊದಲು ಐಎಎಂ (ಯಾರು ಏನನ್ನು ನೋಡಬಹುದು, ಬಳಸಬಹುದು ಅಂತ ನಿಯಂತ್ರಿಸುವ ವ್ಯವಸ್ಥೆ) ಕಲಿಯಿರಿ ಅಂದವರಿಗೆ ಥ್ಯಾಂಕ್ಸ್. ಈಗ ದಿನವಿಡೀ ಅದೇ ಕೆಲಸ.