ವಿಂಡೋಸ್ ಮೇಲಿರುವ ವಿಸೆಂಟರ್ 6.7 ಅನ್ನು ಹೊಸ ಸರ್ವರ್‌ಗೆ ಸ್ಥಳಾಂತರಿಸುವ ಬಗ್ಗೆ

ಬದಿಯಡ್ಕ_ಸಿಸ್ಟಂ:

ನಮಸ್ಕಾರ. ಬದಿಯಡ್ಕ, ಪೆರ್ಲ, ಮುಳ್ಳೇರಿಯಾಗಳಲ್ಲಿ ಶಾಖೆಗಳಿರುವ ಒಂದು ಸಹಕಾರಿ ಸಂಸ್ಥೆಯ ಗಣಕ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ಪಯಸ್ವಿನಿ, ಶಿರಿಯಾ, ಉಪ್ಪಳ ಎಂದು ಹೊಳೆಗಳ ಹೆಸರಿಟ್ಟ ಮೂರು ಇಎಸ್‌ಎಕ್ಸ್‌ಐ 6.7 (ವಿಎಂವೇರ್ ಕಂಪನಿಯ ವರ್ಚುವಲೈಸೇಷನ್ ತಂತ್ರಾಂಶ) ಹೋಸ್ಟ್‌ಗಳಿದ್ದು, ಅವುಗಳ ಮೇಲೆ ಸುಮಾರು ನಲವತ್ತು ವಿಎಂಗಳು (ವರ್ಚುವಲ್ ಯಂತ್ರಗಳು) ಓಡುತ್ತಿವೆ. ಇವೆಲ್ಲವನ್ನೂ ನಿಭಾಯಿಸುವ ವಿಸೆಂಟರ್ ಮಾತ್ರ ವಿಂಡೋಸ್ ಸರ್ವರ್ 2012 ಆರ್2 ಹಾಕಿದ ಪ್ರತ್ಯೇಕ ಹಳೆಯ ಯಂತ್ರದಲ್ಲಿದೆ. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್ ಕೂಡ ಅದರಲ್ಲೇ ಇದೆ. ಆ ಯಂತ್ರದ ಒಂದು ಡಿಸ್ಕಿನ ದೀಪ ಈಗಾಗಲೇ ಹಳದಿಗೆ ತಿರುಗಿರುವುದರಿಂದ ಹೊಸ ಸರ್ವರ್ ತರಿಸಿದ್ದೇವೆ, ಅದರಲ್ಲಿ ವಿಂಡೋಸ್ ಸರ್ವರ್ 2019 ಇದೆ. ವಿಸೆಂಟರನ್ನು ಅಲ್ಲಿ ಇನ್‌ಸ್ಟಾಲ್ ಮಾಡಿ ಡೇಟಾಬೇಸನ್ನು ಸಾಗಿಸಿದರೆ ಸಾಕೇ? ಕೆಲಸ ನಡೆಯುವಾಗ ಶಾಖೆಗಳ ವಿಎಂಗಳು ನಿಲ್ಲುತ್ತವೆಯೇ? ಓಣಂ ರಜೆಯಲ್ಲಿ ಮುಗಿಸಬೇಕೆಂಬುದು ಆಡಳಿತ ಮಂಡಳಿಯ ಅಪೇಕ್ಷೆ.

ಕುಂಬಳೆ_ನೆಟ್:

ಡೇಟಾಬೇಸ್ ಸಾಗಿಸುವ ಯೋಚನೆಯನ್ನು ಬಿಟ್ಟುಬಿಡಿ. ವಿಂಡೋಸ್ ಮೇಲೆ ಓಡುವ ವಿಸೆಂಟರ್ 6.7ಕ್ಕೇ ಕೊನೆಗೊಂಡಿತು, 2020ರಲ್ಲಿ ಬಂದ 7.0ರಿಂದ ಅದು ಫೋಟಾನ್ ಓಎಸ್ (ವಿಎಂವೇರಿನದೇ ಲಿನಕ್ಸ್) ಇರುವ ಅಪ್ಲಯನ್ಸ್ ರೂಪದಲ್ಲಿ ಮಾತ್ರ ಸಿಗುತ್ತದೆ, ಡೇಟಾಬೇಸ್ ಕೂಡ ಅದರೊಳಗಿನ ಪೋಸ್ಟ್‌ಗ್ರೆಸ್. ಅಪ್ಲಯನ್ಸ್ ಎಂದರೆ ಅದೇ ಒಂದು ವಿಎಂ. ಆದ್ದರಿಂದ ನಿಮ್ಮ ಹೊಸ ಸರ್ವರಿನ ವಿಂಡೋಸನ್ನು ತೆಗೆದು ಇಎಸ್‌ಎಕ್ಸ್‌ಐ ಹಾಕಿ ಅಲ್ಲಿ ಅದನ್ನು ಇಡಬಹುದು, ಇಲ್ಲವೇ ಈಗಿರುವ ಮೂರರಲ್ಲೇ ಒಂದರ ಮೇಲೆ ಇಡಬಹುದು. 7.0ರ ಅತಿ ಚಿಕ್ಕ ಗಾತ್ರಕ್ಕೆ 2 ವರ್ಚುವಲ್ ಸಿಪಿಯು, 12 ಜಿಬಿ ಮೆಮೊರಿ ಸಾಕು. ಅದು 10 ಹೋಸ್ಟ್, 100 ವಿಎಂಗಳವರೆಗೆ ನಿಭಾಯಿಸುತ್ತದೆ.

ವಿಎಂಗಳು ನಿಲ್ಲುವುದಿಲ್ಲ. ವಿಸೆಂಟರ್ ಇಲ್ಲದ ಹೊತ್ತಿನಲ್ಲಿ ವಿಮೋಷನ್ (ಓಡುತ್ತಿರುವ ವಿಎಂ ಅನ್ನು ಇನ್ನೊಂದು ಹೋಸ್ಟಿಗೆ ಸಾಗಿಸುವುದು), ಡಿಆರ್‌ಎಸ್ (ಹೋಸ್ಟ್‌ಗಳ ನಡುವೆ ಹೊರೆ ಹಂಚುವುದು) ಕೆಲಸ ಮಾಡುವುದಿಲ್ಲ ಅಷ್ಟೆ; ಮೊದಲೇ ಹೊಂದಿಸಿಟ್ಟ ಎಚ್‌ಎ (ಹೋಸ್ಟ್ ಕೆಟ್ಟರೆ ಅದರ ವಿಎಂಗಳನ್ನು ಬೇರೆ ಹೋಸ್ಟಿನಲ್ಲಿ ಎಬ್ಬಿಸುವ ಸೌಲಭ್ಯ) ಹೋಸ್ಟ್‌ಗಳ ನಡುವೆಯೇ ನಡೆಯುವ ವ್ಯವಸ್ಥೆಯಾದ್ದರಿಂದ ಅದಕ್ಕೂ ತೊಂದರೆಯಿಲ್ಲ.

ಕ್ರಮ ಹೀಗೆ. 7.0ರ ಐಎಸ್‌ಒದಲ್ಲಿರುವ ಮೈಗ್ರೇಷನ್ ಅಸಿಸ್ಟೆಂಟ್ ಫೋಲ್ಡರನ್ನು ಹಳೆಯ ವಿಂಡೋಸ್ ಯಂತ್ರಕ್ಕೆ ನಕಲಿಸಿ ಓಡಿಸಬೇಕು. ಆಗ ತೆರೆಯುವ ಕಪ್ಪು ಕಿಟಕಿಯನ್ನು ಕೆಲಸ ಮುಗಿಯುವವರೆಗೂ ಮುಚ್ಚಬಾರದು. ರಿಮೋಟ್ ಡೆಸ್ಕ್‌ಟಾಪಿನಲ್ಲಿದ್ದುಕೊಂಡು ಅಭ್ಯಾಸಬಲದಿಂದ ಲಾಗ್ ಆಫ್ ಮಾಡಿದರೆ ವರ್ಗಾವಣೆ ಅಲ್ಲಿಗೇ ನಿಂತುಬಿಡುತ್ತದೆ. ಬೇರೊಂದು ಕಂಪ್ಯೂಟರಿನಿಂದ ಇನ್‌ಸ್ಟಾಲರ್ ಓಡಿಸಿದಾಗ ಮೊದಲ ಹಂತದಲ್ಲಿ ತಾತ್ಕಾಲಿಕ ಐಪಿಯೊಂದಿಗೆ ಅಪ್ಲಯನ್ಸ್ ಎದ್ದು ನಿಲ್ಲುತ್ತದೆ, ಎರಡನೆಯ ಹಂತದಲ್ಲಿ ದತ್ತಾಂಶ ನಕಲಾಗಿ ಹಳೆಯ ಯಂತ್ರ ತಾನಾಗಿ ಶಟ್‌ಡೌನ್ ಆಗುತ್ತದೆ, ಬಳಿಕ ಅದರ ಹೆಸರು, ಐಪಿ, ಪ್ರಮಾಣಪತ್ರಗಳನ್ನು ಹೊಸದು ವಹಿಸಿಕೊಳ್ಳುತ್ತದೆ. ಹೆಸರು ಬದಲಾಗದ ಕಾರಣ ಹೋಸ್ಟ್‌ಗಳು ತಾವಾಗಿಯೇ ಮರಳಿ ಜೋಡಿಕೊಳ್ಳುತ್ತವೆ.

ಇದೆಲ್ಲ ಎಡವುವುದು ಸಾಮಾನ್ಯವಾಗಿ ಡಿಎನ್‌ಎಸ್‌ನಲ್ಲಿ. ಹೆಸರಿನಿಂದ ಐಪಿ ಸಿಕ್ಕರೆ ಸಾಲದು, ಐಪಿಯಿಂದ ಹೆಸರೂ ಸಿಗಬೇಕು. ನಮ್ಮ ಕಡೆಯ ಸಣ್ಣ ಕಚೇರಿಗಳಲ್ಲಿ ಈ ರಿವರ್ಸ್ ದಾಖಲೆಯನ್ನು ಯಾರೂ ಹಾಕಿರುವುದೇ ಇಲ್ಲ. ಹೋಸ್ಟ್‌ಗಳ ಗಡಿಯಾರವನ್ನೂ ಎನ್‌ಟಿಪಿ ಸಮಯ ಸರ್ವರಿನಿಂದ ಸರಿಹೊಂದಿಸಿಡಿ. ಹಳೆಯ ವಿಂಡೋಸಿನ ಸ್ಥಳೀಯ ಬಳಕೆದಾರರಿಗೆ ಅನುಮತಿ ಕೊಟ್ಟಿದ್ದರೆ ಆ ಖಾತೆಗಳು ಹೊಸದಕ್ಕೆ ಬರುವುದಿಲ್ಲ ಎಂಬುದು ನೆನಪಿರಲಿ. ಅಪ್ಲಯನ್ಸನ್ನು ಕ್ಲಸ್ಟರಿನೊಳಗೆ (ಒಟ್ಟಾಗಿ ಜೋಡಿಸಿದ ಹೋಸ್ಟ್‌ಗಳ ಗುಂಪಿನಲ್ಲಿ) ಇಡುವುದಾದರೆ, ಆ ಹೊತ್ತಿನಲ್ಲಿ ಡಿಆರ್‌ಎಸ್ ಪೂರ್ತಿ ಸ್ವಯಂಚಾಲಿತವಾಗಿರಬಾರದು.

ಉಪ್ಪಳದವ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅದಕ್ಕೂ ಮೊದಲು ಲೈಸೆನ್ಸಿನ ಮಾತಾಗಬೇಕು. 6.7ರ ಕೀ 7.0ರಲ್ಲಿ ನಡೆಯುವುದಿಲ್ಲ. ಸ್ಥಳಾಂತರವಾದ ಮೇಲೆ 60 ದಿನಗಳ ಪರೀಕ್ಷಾವಧಿ ಸಿಗುತ್ತದೆ, ಅದು ಕಳೆದರೆ ಹೋಸ್ಟ್‌ಗಳು ವಿಸೆಂಟರಿನಿಂದ ಕಳಚಿಕೊಳ್ಳುತ್ತವೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸಿನ ಮಾರಾಟ ನಿಲ್ಲಿಸಿರುವುದರಿಂದ ಈಗ ಚಂದಾ ಕಟ್ಟದೆ ಹೊಸ ಕೀ ಸಿಗದು. ಇನ್ನೊಂದು ಸಂಗತಿ, 7.0ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 2ಕ್ಕೆ ಮುಗಿದಿದೆ. ಆದ್ದರಿಂದ ಅದು ನಿಮಗೆ ಮೆಟ್ಟಿಲೇ ಹೊರತು ತಂಗುದಾಣವಲ್ಲ, ಅಲ್ಲಿಂದ 8.0ಕ್ಕೆ ಏರಲೇಬೇಕು. ಆಡಳಿತ ಮಂಡಳಿ ಅಷ್ಟು ಖರ್ಚಿಗೆ ಒಪ್ಪದಿದ್ದರೆ ಪ್ರಾಕ್ಸ್‌ಮಾಕ್ಸ್ ಎಂಬ ಮುಕ್ತ ವರ್ಚುವಲೈಸೇಷನ್ ತಂತ್ರಾಂಶದ ಕಡೆ ನೋಡುವುದು ಒಳ್ಳೆಯದು. ಇಎಸ್‌ಎಕ್ಸ್‌ಐಯಿಂದ ವಿಎಂಗಳನ್ನು ನೇರವಾಗಿ ತರಿಸಿಕೊಳ್ಳುವ ಸೌಲಭ್ಯ 2024ರಿಂದ ಅದರಲ್ಲಿದೆ, ಕ್ಲಸ್ಟರ್ ನಿಭಾಯಿಸಲು ಪ್ರತ್ಯೇಕ ಸರ್ವರೂ ಬೇಡ.

ಇನ್ನು, ಮೂರೇ ಹೋಸ್ಟ್ ಇರುವಾಗ ಮೈಗ್ರೇಷನ್ ಏಕೆ? ಹೊಸ ವಿಸೆಂಟರನ್ನು ಖಾಲಿಯಾಗಿ ಹಾಕಿ ಹೋಸ್ಟ್‌ಗಳನ್ನು ಒಂದೊಂದಾಗಿ ಸೇರಿಸಿದರೆ ಹಳೆಯ ಕಸವೆಲ್ಲ ಅಲ್ಲೇ ಉಳಿಯುತ್ತದೆ.

ಕುಂಬಳೆ_ನೆಟ್:

ಲೈಸೆನ್ಸಿನ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ, ಕೊನೆಯದನ್ನು ಒಪ್ಪಲಾರೆ. ವಿಸೆಂಟರ್ ಪ್ರತಿ ವಿಎಂಗೂ ಒಂದು ಆಂತರಿಕ ಗುರುತು ಕೊಟ್ಟಿರುತ್ತದೆ. ಹೋಸ್ಟನ್ನು ಹೊಸ ವಿಸೆಂಟರಿಗೆ ಸೇರಿಸಿದಾಗ ಅದು ಬದಲಾಗುತ್ತದೆ. ಬಹಳಷ್ಟು ಬ್ಯಾಕಪ್ ತಂತ್ರಾಂಶಗಳು ಈ ಗುರುತನ್ನೇ ನಂಬಿರುವುದರಿಂದ ನಲವತ್ತು ವಿಎಂಗಳೂ ಅವಕ್ಕೆ ಹೊಸಬರಾಗಿ ಕಂಡು, ಮೊದಲಿನಿಂದ ಪೂರ್ತಿ ಬ್ಯಾಕಪ್ ಶುರುವಾಗುತ್ತದೆ. ಅಷ್ಟು ಜಾಗ ಇದೆಯೇ ಎಂದು ಮೊದಲು ನೋಡಬೇಕು. ಡಿಸ್ಟ್ರಿಬ್ಯೂಟೆಡ್ ಸ್ವಿಚ್ (ಎಲ್ಲ ಹೋಸ್ಟ್‌ಗಳಿಗೂ ಸೇರಿ ವಿಸೆಂಟರ್ ನಿಭಾಯಿಸುವ ವರ್ಚುವಲ್ ಸ್ವಿಚ್) ಬಳಸುತ್ತಿದ್ದರಂತೂ ಖಾಲಿ ವಿಸೆಂಟರಿನ ದಾರಿ ಇನ್ನಷ್ಟು ತೊಡಕಿನದು.

ಬದಿಯಡ್ಕ_ಸಿಸ್ಟಂ:

ಇಬ್ಬರಿಗೂ ಧನ್ಯವಾದಗಳು. ನಮ್ಮ ಬ್ಯಾಕಪ್ ಡಿಸ್ಕಿನಲ್ಲಿ ಇನ್ನೊಂದು ಪೂರ್ತಿ ಪ್ರತಿಗೆ ಜಾಗವಿಲ್ಲ, ಹಾಗಾಗಿ ಮೈಗ್ರೇಷನ್ನೇ ಸರಿ ಎನಿಸುತ್ತದೆ. ಚಂದಾ ದರದ ಕೊಟೇಶನ್ ಬರುವವರೆಗೆ ಕೈಹಚ್ಚುವುದಿಲ್ಲ. ನಡುವೆ ವಿಫಲವಾದರೆ ಹಿಂದಕ್ಕೆ ಬರುವುದು ಹೇಗೆ?

ಕುಂಬಳೆ_ನೆಟ್:

ಹೊಸ ಅಪ್ಲಯನ್ಸನ್ನು ಪವರ್ ಆಫ್ ಮಾಡಿ ಹಳೆಯ ಯಂತ್ರವನ್ನು ಆನ್ ಮಾಡಿದರೆ ಮೊದಲಿನ ಸ್ಥಿತಿಗೆ ಬರುತ್ತೀರಿ. ಆ ಯಂತ್ರ ಡೊಮೈನಿನಲ್ಲಿದ್ದರೆ ಮತ್ತೆ ಸೇರಿಸಬೇಕಾಗಬಹುದು, ಆದ್ದರಿಂದ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೈಯಲ್ಲಿರಲಿ. ಆದರೆ ನಿಮ್ಮ ಹಳದಿ ದೀಪದ ಡಿಸ್ಕನ್ನು ನಂಬಿ ಹಿಂದಿರುಗುವ ಲೆಕ್ಕ ಹಾಕಬೇಡಿ. ಮೊದಲು ಅದನ್ನು ಬದಲಿಸಿ, ರೇಡ್ (ಡಿಸ್ಕ್‌ಗಳ ಜೋಡಣೆ) ಪೂರ್ತಿ ಮರುಹೊಂದಿದ ಮೇಲೆ, ಡೇಟಾಬೇಸಿನ ಬ್ಯಾಕಪ್ ತೆಗೆದುಕೊಂಡೇ ಮುಂದುವರಿಯಿರಿ.

ಉಪ್ಪಳದವ:

ಒಂದು ಸೇರ್ಪಡೆ. ಅನೇಕ ಸರ್ವರ್‌ಗಳ ಬಯಾಸಿನಲ್ಲಿ, ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಆನ್ ಆಗುವಂತೆ ಹೊಂದಿಸಿರುತ್ತಾರೆ. ತುಲಾ ಮಾಸದ ಗುಡುಗು ಮಳೆಗೆ ನಮ್ಮಲ್ಲಿ ಸಂಜೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹಾಗೆ ಹಳೆಯ ವಿಸೆಂಟರ್ ಎದ್ದುಬಿಟ್ಟರೆ ಒಂದೇ ಹೆಸರು, ಒಂದೇ ಐಪಿಯ ಇಬ್ಬರು ಒಂದೇ ಜಾಲದಲ್ಲಿ ಕಾದಾಡುತ್ತಾರೆ. ಆದ್ದರಿಂದ ಸ್ಥಳಾಂತರ ಮುಗಿದೊಡನೆ ಹಳೆಯ ಯಂತ್ರದ ನೆಟ್‌ವರ್ಕ್ ಕೇಬಲನ್ನು ಕಳಚಿ, ಬಯಾಸಿನಲ್ಲಿ ಆ ಆಯ್ಕೆಯನ್ನು ಆಫ್‌ಗೆ ಇಡಿ.