ಜೆಂಡರ್ ಸ್ಪೆಷಲಿಸ್ಟ್ ಆಗಲು ಯಾವ ಸರ್ಟಿಫಿಕೇಟ್ ಬೇಕು?

ಪ್ರಶ್ನೆ:
ಆರು ವರ್ಷದಿಂದ ಕುಡಿಯುವ ನೀರಿನ ಯೋಜನೆಗಳಲ್ಲಿ ಸರ್ವೆ ಕೆಲಸ ಮಾಡುತ್ತಿದ್ದೇನೆ. ಅಂತಾರಾಷ್ಟ್ರೀಯ ಸಂಸ್ಥೆಗಳಲ್ಲಿ ಜೆಂಡರ್ ಸ್ಪೆಷಲಿಸ್ಟ್ (ಯೋಜನೆಗಳಲ್ಲಿ ಲಿಂಗ ಸಮಾನತೆಯನ್ನು ನೋಡಿಕೊಳ್ಳುವ ತಜ್ಞರು) ಹುದ್ದೆಗೆ ಅರ್ಜಿ ಹಾಕುವ ಆಸೆ. ಜಾಹೀರಾತಿನಲ್ಲಿ ‘ಪರಿಣತಿ ಇರಬೇಕು’ ಅಂತಾರೆ. ಆ ಪರಿಣತಿಗೆ ಮುದ್ರೆ ಒತ್ತುವವರು ಯಾರು? ಎಂ.ಎ. ಮಾಡಲೇಬೇಕಾ?

ಉತ್ತರ 1:
ಡಾಕ್ಟರು, ವಕೀಲರಿಗೆ ಇರುವಂಥ ಲೈಸೆನ್ಸ್ ಈ ಕೆಲಸಕ್ಕಿಲ್ಲ. ವಿಶ್ವಸಂಸ್ಥೆಯ ಮಹಿಳಾ ಸಂಸ್ಥೆಯಾದ ಯುಎನ್ ವಿಮೆನ್‌ನ ‘ಐ ನೋ ಜೆಂಡರ್’ ಆನ್‌ಲೈನ್ ಕೋರ್ಸ್ ಉಚಿತ, ಅಲ್ಲಿಂದ ಶುರು ಮಾಡಿ. ಇಟಲಿಯ ಟ್ಯೂರಿನ್‌ನಲ್ಲಿ ಐಎಲ್‌ಒ (ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ತರಬೇತಿ ಕೇಂದ್ರವಿದೆ. ಜೆಂಡರ್ ಆಡಿಟ್, ಅಂದರೆ ಒಂದು ಸಂಸ್ಥೆಯ ಕೆಲಸದಲ್ಲಿ ಲಿಂಗ ಸಮಾನತೆ ಎಷ್ಟಿದೆ ಎಂಬ ಪರಿಶೀಲನೆ, ನಡೆಸುವವರಿಗೆ ಅಲ್ಲಿ ತರಬೇತಿ ಕೊಡುತ್ತಾರೆ.

ಉತ್ತರ 2:
ನನ್ನ ಮೊದಲ ಯೋಜನೆಗೆ ಹೋದಾಗ ಕೈಯಲ್ಲಿ ಸರ್ಟಿಫಿಕೇಟ್ ಇತ್ತು. ಅದೂ ನೀರಿನ ಯೋಜನೆಯೇ. ಸಭೆಗೆ ಬಂದ ಹೆಂಗಸರ ತಲೆ ಎಣಿಸಿ ವರದಿ ಕೊಟ್ಟೆ. ಎಲ್ಲರೂ ಮೆಚ್ಚಿದರು. ಆರು ತಿಂಗಳಾದ ಮೇಲೆ ಮತ್ತೆ ಹೋದೆ. ಒಬ್ಬ ಹೆಂಗಸು ಕೇಳಿದರು: ‘ನಲ್ಲಿ ಕೆಟ್ಟರೆ ದೂರದಿಂದ ನೀರು ಹೊರುವವರು ನಾವು. ರಿಪೇರಿಗೆ ದುಡ್ಡು ಯಾವಾಗ ಕೊಡಬೇಕು ಅಂತ ತೀರ್ಮಾನ ಮಾಡುವ ಸಮಿತಿಯಲ್ಲಿ ನಮ್ಮವರು ಯಾಕಿಲ್ಲ?’ ನನ್ನ ವರದಿಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಅಭಿವೃದ್ಧಿ ಯೋಜನೆಗಳಲ್ಲಿ ಲಿಂಗ ಸಮಾನತೆ ಬಗ್ಗೆ ಬರೆದ ವಿದ್ವಾಂಸೆ ಕ್ಯಾರೋಲಿನ್ ಮೋಸರ್ ಹೇಳುವ ಎರಡು ಬಗೆಯ ಅಗತ್ಯಗಳನ್ನು ಕೋರ್ಸಿನಲ್ಲಿ ಬಾಯಿಪಾಠ ಮಾಡಿದ್ದೆ. ನೀರು ಹತ್ತಿರ ಬರುವುದು ದಿನನಿತ್ಯದ ಅಗತ್ಯ. ತೀರ್ಮಾನದಲ್ಲಿ ಪಾಲು ಸಿಗುವುದು ಇನ್ನೊಂದು, ಅದು ಅಧಿಕಾರದ ಪ್ರಶ್ನೆ. ನಿಜವಾಗಿ ಅರ್ಥವಾಗಿದ್ದು ಆ ದಿನ.

ಅದಕ್ಕೇ ಹೇಳುತ್ತೇನೆ, ಎಂ.ಎ.ಗೆ ಮೊದಲು ನಿಮ್ಮದೇ ಹಳೆಯ ಯೋಜನೆಯೊಂದನ್ನು ತೆಗೆದು ಒಇಸಿಡಿಯ (ಹೆಚ್ಚಾಗಿ ಶ್ರೀಮಂತ ದೇಶಗಳಿರುವ ಆರ್ಥಿಕ ಸಹಕಾರ ಸಂಘಟನೆ) ಜೆಂಡರ್ ಮಾರ್ಕರ್ ಎಂಬ ಅಳತೆಗೋಲಿನ ಪ್ರಕಾರ ಅಂಕ ಹಾಕಿ. ಲಿಂಗ ಸಮಾನತೆಯೇ ಯೋಜನೆಯ ಮುಖ್ಯ ಗುರಿಯಾಗಿದ್ದರೆ 2. ಮುಖ್ಯ ಗುರಿ ಬೇರೆಯಾಗಿದ್ದು, ಅದೂ ಬೇಕೆಂದೇ ಇಟ್ಟುಕೊಂಡ ಮಹತ್ವದ ಉದ್ದೇಶವಾಗಿದ್ದರೆ 1. ಗುರಿಯಾಗಿಲ್ಲದಿದ್ದರೆ 0. ಆ ಅಂಕ ಯಾಕೆ ಅಂತ ಎರಡು ಪುಟ ಬರೆಯಿರಿ. ನಾನು ಸಂದರ್ಶನ ಮಾಡುವಾಗ ಸರ್ಟಿಫಿಕೇಟಿಗಿಂತ ಜಾಸ್ತಿ ಹೊತ್ತು ಓದುವುದು ಇಂಥದ್ದನ್ನೇ.

ಪ್ರಶ್ನೆ ಕೇಳಿದವರು:
ಈಗಲೇ ಕೂತು ನೋಡಿದೆ. ನಮ್ಮ ಸರ್ವೆ ಫಾರಂನಲ್ಲಿ ಮನೆ ಯಜಮಾನರ ಹೆಸರು ಮಾತ್ರ ಇದೆ. ನೀರು ತರುವವರು ಯಾರು, ಎಷ್ಟು ಹೊತ್ತು ಬೇಕು ಅಂತ ನಾವು ಕೇಳಿಯೇ ಇಲ್ಲ!

ಉತ್ತರ 2:
ನಿಮ್ಮ ಎರಡು ಪುಟ ಅಲ್ಲಿಂದಲೇ ಶುರುವಾಗಲಿ. ಸಮಿತಿಯಲ್ಲಿ ಯಾರಿದ್ದಾರೆ ಅನ್ನುವುದನ್ನೂ ಸೇರಿಸಿ. ಬರೆದ ಮೇಲೆ ಇಲ್ಲಿ ಹಾಕಿ, ಖಂಡಿತ ಓದುತ್ತೇನೆ.